ಗಟ್ಟಿ ಕ್ಲೇ, ಮೆತ್ತನೆ ಕ್ಲೇ, ಕೆಂಪು ದಾರ

ನಾನು ಯಾರನ್ನೂ ಸುಲಭಕ್ಕೆ ನಂಬೋಳಲ್ಲ. ಹೂವಿನವಳು ಮೊಳ ಹಾಕಿ ಕೊಟ್ರೆ, ಅವಳ ಎದುರಿಗೇ ನನ್ನ ಕೈಯಲ್ಲಿ ಇನ್ನೊಂದ್ಸಲ ಮೊಳ ಹಾಕ್ತೀನಿ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ನಮ್ಮಮ್ಮ ಹೇಳ್ಕೊಟ್ಟಿದ್ದು. ಮದುವೆ ಆದಮೇಲೆ ಅದಕ್ಕೆ ನಮ್ಮೆಜಮಾನ್ರ ಪಾಠವೂ ಸೇರ್ಕೊಂಡಿತು. ಅವರು ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದು ರಿಟೈರ್ ಆದವರು. ಬಿಚ್ಚಿ ನೋಡದೆ ಸಹಿ ಹಾಕಬಾರದು, ನೋಡಿದ ಮೇಲೆ ಸೀಲ್ ಮಾಡದೆ ಬಿಡಬಾರದು, ಇದು ಅವರ ಮಂತ್ರ. ಅಷ್ಟೆಲ್ಲಾ ಬೇರೆಯವರ ಕೆಲಸ ಪರೀಕ್ಷೆ ಮಾಡೋ ಮನುಷ್ಯ, ದಿನಾ ಸಂಜೆ ಗೇಟಲ್ಲಿ ಕಾವಲುಗಾರನ ಎದುರು ತನ್ನ ಊಟದ ಬ್ಯಾಗ್ ಬಿಚ್ಚಿ ತೋರಿಸಿಯೇ ಹೊರಗೆ ಬರಬೇಕಿತ್ತು. ಆ ವಿಷಯ ಮಾತ್ರ ಅವರು ಜಾಸ್ತಿ ಹೇಳ್ತಿರಲಿಲ್ಲ.

ಕಗ್ಗದಾಸಪುರದ ನಮ್ಮ ಮನೆಗೆ ಮಣಿ ಮಾಡೋ ಹುಚ್ಚು ತಂದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳಿರೋದು ಜೋಗುಪಾಳ್ಯದಲ್ಲಿ. ಮೊಬೈಲ್ ನೋಡಿಯೇ ಪಾಲಿಮರ್ ಕ್ಲೇ ಕೆಲಸ ಕಲಿತವಳು. ಹೆಸರಿಗೆ ಕ್ಲೇ, ಆದ್ರೆ ಮಣ್ಣಲ್ಲ, ಒಂಥರಾ ಪ್ಲಾಸ್ಟಿಕ್ಕು. ಚಪಾತಿ ಹಿಟ್ಟಿನ ಹಾಗೆ ನಾದಿ, ಮಣಿ ಮಾಡಿ, ತೂತು ಹಾಕಿ, ಓವನ್ನಲ್ಲಿ ಬೇಯಿಸಿದ್ರೆ ಗಟ್ಟಿಯಾಗುತ್ತೆ. ಓವನ್ ಇದ್ದದ್ದು ನಮ್ಮನೇಲಿ. ಹಾಗಾಗಿ ಸೋಮವಾರ, ಬುಧವಾರ, ಶುಕ್ರವಾರ ಅವಳು ಬ್ಯಾಗ್ ನೇತಾಕ್ಕೊಂಡು ಬರೋಳು. ನನಗೆ ಒಡಹುಟ್ಟಿದೋರು ಯಾರೂ ಇಲ್ಲ. ನನ್ನ ಆಪರೇಷನ್ ಆದಾಗ ತಲೆ ಬಾಚಿದವಳು, ಬೆಡ್‌ಪ್ಯಾನ್ ಹಿಡಿದವಳು ಅವಳೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನಾನು ಮಾಡಿದ್ದು ಕೇಳಿದಾಗ ನಿಮಗೆ ನನ್ನ ಮೇಲೆ ಸರಿಯಾಗಿ ಸಿಟ್ಟು ಬರ್ಲಿ ಅಂತ.

ನಮ್ಮಿಬ್ಬರಿಗೆ ಜಗಳ ಇದ್ದದ್ದು ಒಂದೇ ವಿಷಯಕ್ಕೆ, ಯಾವ ಕ್ಲೇ ಅಂತ. ಅವಳಿಗೆ ಮೆತ್ತನೇದು. ಕೈಗೆ ತಗೊಂಡ ತಕ್ಷಣ ಬಗ್ಗುತ್ತೆ, ಬೆರಳು ನೋಯಲ್ಲ. ನಂಗೆ ಅದರ ಮೇಲೆ ನಂಬಿಕೆಯೇ ಇಲ್ಲ. ಹೇಳಿದ ಮಾತಿಗೆಲ್ಲಾ ಹೂಂ ಅನ್ನೋ ಮನುಷ್ಯರನ್ನೂ ನಾನು ನಂಬಲ್ಲ. ಬೇಸಿಗೇಲಿ ಅದರ ಮೇಲೆ ಬೆರಳಚ್ಚು ಬೀಳುತ್ತೆ, ತೂತು ಹಾಕೋವಾಗ ಮಣಿ ಸೊಟ್ಟಗಾಗುತ್ತೆ, ಒಳಗಿನ ಹೂವಿನ ಡಿಸೈನ್ ಕಲಸಿ ಹೋಗುತ್ತೆ. ನಂದು ಗಟ್ಟಿ ಕ್ಲೇ. ಅರ್ಧ ಗಂಟೆ ನಾದಿದ್ರೆ ಮಾತ್ರ ಮಾತು ಕೇಳುತ್ತೆ, ಆದ್ರೆ ಒಂದೊಂದು ಗೆರೆಯೂ ಇದ್ದ ಹಾಗೇ ನಿಲ್ಲುತ್ತೆ. ಬೇಯಿಸಿದ ತೆಳ್ಳನೆ ಪಟ್ಟಿ ಬಗ್ಗಿಸಿ ನೋಡೋದು ನಮ್ಮ ಪರೀಕ್ಷೆ. ಬಗ್ಗಿದ್ರೆ ಪಾಸು, ಪಟ್ ಅಂದ್ರೆ ಫೇಲು. ಗಟ್ಟೀದು ಬಿಲ್ಲಿನ ಹಾಗೆ ಬಗ್ಗಿತು. ಮೆತ್ತನೇದು ಮುರೀತು. ನಾನು ಗೆದ್ದೆ, ಗೆದ್ದಿದ್ದನ್ನ ಒಂದು ವಾರ ಹೇಳ್ಕೊಂಡೆ.

ಅಷ್ಟರಲ್ಲಿ ಇಂದಿರಾನಗರದ ಒಂದು ಅಪಾರ್ಟ್‌ಮೆಂಟ್‌ನೋರು ಹಬ್ಬಕ್ಕೆ ಮುಂಚೆ ಹೆಂಗಸರ ಕೈಕೆಲಸದ ಸಂತೆ ಇಡ್ತೀವಿ, ಒಂದು ಟೇಬಲ್ ನಿಮಗೆ ಅಂತ ಓರಗಿತ್ತಿಗೆ ಹೇಳಿದ್ರು. ಅವಳ ಹೆಸರಲ್ಲಿ ಒಂದು ಟೇಬಲ್! ಬದುಕಲ್ಲಿ ಮೊದಲನೇ ಸಲ. ಟೇಬಲ್ಲಿಗೆ ಹಾಸೋಕೆ ಸೀರೆ ಕೂಡ ಆರಿಸಿಟ್ಟಳು. "ಅಕ್ಕ, ಮಣಿ ಒಡೆದ್ರೆ ಮರ್ಯಾದೆ ಹೋಗುತ್ತೆ. ಗಟ್ಟೀದೇ ಮಾಡೋಣ, ನಿಮ್ಮ ಮಾತೇ ಆಗ್ಲಿ" ಅಂದಳು.

ಶಿವಾಜಿನಗರದಲ್ಲಿ ಬಟನ್ನು, ಲೇಸು, ಮಣಿ ಮಾರೋ ಗಲ್ಲಿಯಲ್ಲಿ ಒಬ್ಬ ಮುದುಕಪ್ಪ ಕ್ಲೇ ಮಾರ್ತಾನೆ. ಅವನ ಮೇಲೂ ನಂಗೆ ಡೌಟೇ. ಮೇಲೆ ಒಳ್ಳೆ ಕವರ್, ಒಳಗೆ ಹಳೇ ಮಾಲು ಇಟ್ಟಿದ್ರೆ? ಹಾಗಾಗಿ ಮನೆಗೆ ತಂದು ಒಂದೊಂದು ಪ್ಯಾಕೆಟ್ಟನ್ನೂ ಹರಿದೆ, ಒಂದೊಂದು ಗಟ್ಟಿಯನ್ನೂ ಒತ್ತಿ ನೋಡಿದೆ. ಸರಿಯಾಗಿತ್ತು. ಆಮೇಲೆ ಪ್ರತಿಯೊಂದನ್ನೂ ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿ, ಕೆಂಪು ದಾರ ಕಟ್ಟಿ, ಎರಡು ಗಂಟು ಹಾಕಿ, ಪೆನ್ನಲ್ಲಿ ಸಹಿ ಮಾಡಿ ಬೀರುವಿನಲ್ಲಿಟ್ಟೆ. ಎಜಮಾನ್ರು ನೋಡಿ, "ಫಸ್ಟ್ ಕ್ಲಾಸ್, ನಮ್ಮ ಸ್ಟೋರ್ಸಲ್ಲೂ ಹಿಂಗೆ ಇಡ್ತಿರಲಿಲ್ಲ" ಅಂದ್ರು. ನಾನು ಹಿಗ್ಗಿದೆ.

ತಿಂಗಳಾದ ಮೇಲೆ ಬಿಚ್ಚಿದ್ರೆ ಕ್ಲೇ ಒಣಗಿದ ರೊಟ್ಟಿ ಆಗಿದೆ! ನಾದಿದ್ರೆ ಪುಡಿಪುಡಿ. ಹೆಂಗೋ ಒತ್ತಿ ಪಟ್ಟಿ ಮಾಡಿ ಬೇಯಿಸಿದ್ರೆ, ಮುಟ್ಟಿದ ಕೂಡಲೇ ಪಟ್. ನಾನು ಒತ್ತಿ ನೋಡಿ ಇಟ್ಟ ಮಾಲು ಇದಲ್ಲ, ಯಾರೋ ಬದಲಾಯಿಸಿದ್ದಾರೆ ಅಂತ ನಿರ್ಧಾರ ಮಾಡಿಬಿಟ್ಟೆ. ಪೇಪರ್ ಬಿಡಿಸಿ ಬೆಳಕಿಗೆ ಹಿಡಿದೆ. ಎಣ್ಣೆ ಕಲೆ! ಒಂದರಲ್ಲಲ್ಲ, ಎಲ್ಲದರಲ್ಲೂ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕ್ಕೊಂಡು ನಮ್ಮನೆಗೆ ಬರೋಳು ಯಾರು? ಮೂಸಿ ನೋಡಿದೆ, ಕೊಬ್ಬರಿ ವಾಸನೆ ಬರಲಿಲ್ಲ. ತಿಂಗಳಾಯ್ತಲ್ಲಾ, ಹಾರಿಹೋಗಿರುತ್ತೆ ಅಂದ್ಕೊಂಡೆ. ಗಂಟು, ಸಹಿ ಎರಡೂ ನಾನು ಹಾಕಿದ ಹಾಗೇ ಇತ್ತು. ನೋಡಿ ಕಲಿತಿರ್ತಾಳೆ ಅಂದ್ಕೊಂಡೆ. ನಾನು ಮಧ್ಯಾಹ್ನ ಒಂದು ಗಳಿಗೆ ಮಲಗ್ತೀನಿ, ಆಗ ಅವಳೊಬ್ಬಳೇ ಬೀರುವಿನ ರೂಮಲ್ಲಿರ್ತಾಳೆ. ಅನುಮಾನಕ್ಕೆ ಇಷ್ಟು ಸಾಕಲ್ವಾ?

ಅವಳು ಸೋಮವಾರ ಬಂದು ಚಪ್ಪಲಿ ಬಿಡ್ತಿದ್ದಳು. ಕೂರು ಅಂತಲೂ ಅನ್ನದೆ ಕೇಳಿದೆ. "ಒಳ್ಳೇದನ್ನೆಲ್ಲಾ ತಗೊಂಡು ಹೋಗಿ ಇದನ್ನ ಇಟ್ಟಿದ್ದೀಯಲ್ಲಾ, ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

"ಏನಂದ್ರಿ ಅಕ್ಕ?"

ಇನ್ನೊಂದ್ಸಲ ಅಂದೆ. ಎಣ್ಣೆ ಕಲೆ ತೋರಿಸಿದೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಂಗೆ ಆಗ ಅದೆಲ್ಲಾ ಎಲ್ಲಿ ನೆನಪಿತ್ತು! ಅವಳು ಬ್ಯಾಗನ್ನ ನೆಲದ ಮೇಲೆ ಸುರಿದಳು. ಛತ್ರಿ, ಟಿಫಿನ್ ಡಬ್ಬಿ, ಬಾಚಣಿಗೆ, ಪ್ಲಾಸ್ಟಿಕ್ ಕವರಲ್ಲಿ ಅವಳ ಮೆತ್ತನೆ ಕ್ಲೇ. "ನೋಡ್ಕೊಳ್ಳಿ" ಅಂದಳು. ನಾನು ನಾಚಿಕೆ ಇಲ್ಲದೆ ನೋಡಿದೆ. ಟಿಫಿನ್ ಡಬ್ಬಿ ಮುಚ್ಚಳವನ್ನೂ ತೆಗೆದೆ. ಎಜಮಾನ್ರು ಪೇಪರ್ ಓದ್ತಿದ್ದೋರು ಎದ್ದು ಒಳಗೆ ಹೋದ್ರು.

ಬುಧವಾರ ಅವಳು ಬರ್ತಾಳೆ ಅಂತ ನಾನು ಅಂದ್ಕೊಂಡಿರಲಿಲ್ಲ. ಬಂದಳು. ಸಂತೆಗೆ ಮೂರು ವಾರವೂ ಇರಲಿಲ್ಲ, ಓವನ್ ನಮ್ಮನೇಲಿತ್ತು, ಏನ್ಮಾಡ್ತಾಳೆ ಪಾಪ. ಗಟ್ಟೀದು ಹಾಳಾಗಿದೆ, ಇನ್ನು ಮೆತ್ತನೇದರಲ್ಲೇ ಮಾಡಬೇಕು ಅಂತ ಜೋಗುಪಾಳ್ಯದಿಂದ ತನ್ನದೆಲ್ಲಾ ತಂದಿದ್ದಳು. ನನ್ನ ಎದುರಿಗೇ ಪ್ಲಾಸ್ಟಿಕ್ ಕವರಿಂದ ತೆಗೆದು, ಒಂದೊಂದನ್ನೂ ನ್ಯೂಸ್‌ಪೇಪರಲ್ಲಿ ಸುತ್ತಿ, ಕೆಂಪು ದಾರ ಕಟ್ಟಿ, ನಮ್ಮ ಬೀರುವಿನಲ್ಲೇ ಇಟ್ಟಳು. "ನಿಮ್ಮ ರೂಲು ನನಗೂ ಇರ್ಲಿ ಅಕ್ಕ. ನಂದ್ಯಾವುದು ನಿಮ್ದ್ಯಾವುದು ಅಂತ ಮಾತು ಬರಬಾರದು." ನೋಡಿದ್ಯಾ ಹೆಂಗೆ ಚುಚ್ತಾಳೆ ಅಂತ ನಂಗೆ ಇನ್ನೂ ಸಿಟ್ಟು ಬಂತು. ಮೊದಲೇ ಬೇಯಿಸಿಟ್ಟಿದ್ದ ಮಣಿ ಮುಗಿಸೋಣ ಅಂತ ಹತ್ತು ದಿನ ಬರೀ ದಾರ ಪೋಣಿಸೋದು, ಕೊಂಡಿ ಹಾಕೋದು ಮಾಡಿದಳು. ಮಾತು ಎಷ್ಟು ಬೇಕೋ ಅಷ್ಟೇ.

ಸಾಕ್ಷಿ ಸಿಗಲೇಬೇಕು ಅಂತ ಮುಂದಿನ ವಾರದ ಶುಕ್ರವಾರ ನಾನು ಹಾಳಾದ ಕ್ಲೇಯ ಒಂದು ಗಟ್ಟಿಯನ್ನ ಪೇಪರ್ ಸಮೇತ ತಗೊಂಡು ಶಿವಾಜಿನಗರಕ್ಕೆ ಹೋದೆ. "ಇದು ನೀವು ಕೊಟ್ಟ ಮಾಲಾ, ಬೇರೆ ಮಾಲಾ? ನಿಜ ಹೇಳಿ" ಅಂದೆ. ಮುದುಕಪ್ಪ ಕ್ಲೇ ನೋಡಲಿಲ್ಲ, ಅದನ್ನ ಸುತ್ತಿದ್ದ ಪೇಪರ್ ನೋಡಿದ.

"ಅರೇ ಅಮ್ಮಾ, ಪೇಪರಲ್ಲಿ ಸುತ್ತಿಟ್ರಾ?"

"ಹೂಂ, ಮತ್ತೆ? ಯಾರಾದ್ರೂ ಬದಲಾಯಿಸಿದ್ರೆ ಗೊತ್ತಾಗ್ಬೇಕಲ್ಲ."

ಅವನು ಹೊಸ ಕ್ಲೇ ಒಂದು ಚೂರು ಕಿತ್ತು ಬಿಲ್ ಪುಸ್ತಕದ ಹಾಳೆ ಮೇಲೆ ಒತ್ತಿಟ್ಟ. "ಕೂತ್ಕೊಳ್ಳಿ, ಚಾಯ್ ಕುಡೀರಿ" ಅಂದ. ನಂಗೇನೋ ಆಟ ಕಟ್ತಿದ್ದಾನೆ ಅನ್ನಿಸ್ತು. ಚಾಯ್ ಮುಗಿಸೋ ಹೊತ್ತಿಗೆ ಆ ಚೂರನ್ನ ಎತ್ತಿ ಹಾಳೆ ತೋರಿಸಿದ. ಅಡಿಯಲ್ಲಿ ದುಂಡಗೆ ಎಣ್ಣೆ ಕಲೆ. "ಕ್ಲೇ ಒಳಗೆ ಎಣ್ಣೆ ಥರ ಒಂದು ಇರುತ್ತಮ್ಮಾ, ಅದಿದ್ರೇನೇ ಅದು ಬಗ್ಗೋದು. ಪೇಪರ್ ಅದನ್ನ ಕುಡಿದುಬಿಡುತ್ತೆ. ಕವರಲ್ಲೇ ಬಿಟ್ಟಿದ್ರೆ ವರ್ಷ ಆದ್ರೂ ಏನೂ ಆಗ್ತಿರಲಿಲ್ಲ."

ಅಯ್ಯೋ ದೇವರೇ! ಕಳ್ಳತನ ಹಿಡಿಯೋಕೆ ಸುತ್ತಿದ ಪೇಪರೇ ಕಳ್ಳ. ಸುತ್ತಿದವಳು ನಾನು. ಆಮೇಲೆ ಇನ್ನೊಂದು ನೆನಪಾಯ್ತು. ಅವಳ ಮೆತ್ತನೆ ಕ್ಲೇ ಎಲ್ಲಾ ಹತ್ತು ದಿನದಿಂದ ಪೇಪರಲ್ಲೇ ಇದೆ. ಹೊಸ ಮೆತ್ತನೇದು ಎಷ್ಟು ಸಿಕ್ಕಿತೋ ಅಷ್ಟು ತಗೊಂಡು ಆಟೋ ಹತ್ತಿದೆ.

ಮನೆಗೆ ಬಂದ್ರೆ ಅವಳು ತನ್ನ ಗಂಟು ಬಿಚ್ಚಿ ಕೂತಿದ್ದಳು. ಮುಂದೆ ಪುಡಿಪುಡಿ ಆದ ಕ್ಲೇ. ಅದನ್ನ ಎರಡೂ ಅಂಗೈಯಲ್ಲಿ ಒತ್ತಿ ಒತ್ತಿ ಕೂಡಿಸ್ತಿದ್ದಳು. ಈಗ ನನ್ನನ್ನ ಕೇಳ್ತಾಳೆ, ನೀವು ಬದಲಾಯಿಸಿದ್ರಾ ಅಂತ ಕೇಳೇ ಕೇಳ್ತಾಳೆ ಅಂತ ಬಾಗಿಲಲ್ಲೇ ನಿಂತೆ. ನಾನಾಗಿದ್ರೆ ಕೇಳ್ತಿದ್ದೆ. ಬೀರು ನಮ್ಮದು, ಮನೆ ನಮ್ಮದು.

ಅವಳು ತಲೆ ಎತ್ತಿ, "ಅಕ್ಕ, ನನ್ನ ಕೈನೇ ಸರಿ ಇಲ್ಲ ಅನ್ಸುತ್ತೆ. ನಾನೇ ಏನೋ ತಪ್ಪು ಮಾಡಿರ್ಬೇಕು" ಅಂದಳು.

ಅವಳ ತಲೆಗೆ ನನ್ನ ಮೇಲೆ ಅನುಮಾನ ಅನ್ನೋದೇ ಬಂದಿರಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲಾ ಹೇಳಿದೆ, ಪೇಪರು, ಎಣ್ಣೆ, ಮುದುಕಪ್ಪ, ಚಾಯ್. ತಪ್ಪಾಯ್ತು ಕಣೇ ಅಂತ ಅತ್ತೆ. ಅವಳು "ಬಿಡಿ ಅಕ್ಕ, ಈಗ ಕೆಲಸ ನೋಡೋಣ" ಅಂತ ಎದ್ದು ಕೈ ತೊಳೆದಳು. ಹೊಸ ಮೆತ್ತನೇದನ್ನ ಒಣಗಿದ ಗಟ್ಟೀದಕ್ಕೆ ಸೇರಿಸಿ ನಾದಿ ನೋಡಿದವಳು ಅವಳೇ. ಸೇರಿತು. ಬೇಯಿಸಿದ ಪಟ್ಟಿ ಚೆನ್ನಾಗಿ ಬಗ್ಗಿತು. ಸಂತೆಯಲ್ಲಿ ಅವಳ ಟೇಬಲ್ ಮುಂದೆ ಜನ ನಿಂತಿದ್ರು, ಒಂದು ಮಣಿಯೂ ಒಡೆಯಲಿಲ್ಲ. ನಾನು ಹಿಂದೆ ಕುರ್ಚಿ ಹಾಕ್ಕೊಂಡು ಕೂತಿದ್ದೆ.

ಈಗಲೂ ಅವಳು ವಾರಕ್ಕೆ ಮೂರು ದಿನ ಬರ್ತಾಳೆ. ನಗ್ತಾಳೆ, ನನ್ನ ಕಾಲೆಳೀತಾಳೆ, ಎಲ್ಲಾ ಮೊದಲಿನ ಹಾಗೇ. ಸಂಜೆ ಹೊರಡೋವಾಗ ಮಾತ್ರ ಹೊಸ್ತಿಲ ಹತ್ರ ನಿಂತು, ಬ್ಯಾಗಿನ ಜಿಪ್ ಎಳೆದು ನನ್ನ ಕಡೆ ಹಿಡೀತಾಳೆ. ಎಜಮಾನ್ರಿಗೆ ಅದನ್ನ ನೋಡೋಕಾಗಲ್ಲ. ಜಿಪ್ಪಿನ ಸದ್ದು ಕೇಳಿದ್ರೆ ಎದ್ದು ಒಳಗೆ ಹೋಗ್ತಾರೆ. ನಾನು, "ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ, ಮುಚ್ಚು" ಅಂತೀನಿ. "ಇರ್ಲಿ ಅಕ್ಕ, ಒಂದ್ಸಲ ನೋಡ್ಬಿಡಿ" ಅಂತಾಳೆ, ಸಿಟ್ಟಿಲ್ಲದೆ. ನಾನು ಬಗ್ಗಿ ನೋಡೋವರೆಗೂ ಅವಳು ಬ್ಯಾಗ್ ಮುಚ್ಚಲ್ಲ.