ಕಡಲೆ ಹೊಲದ ಹುಳಿ ಇಬ್ಬನಿ

ನಾನು ಚಿಕ್ಕವನಿದ್ದಾಗ ನಮ್ಮ ಕಟಕೋಳದ ಚಳಿ ಎಂಥದ್ದೆಂದರೆ, ನನ್ನ ಹಲ್ಲು ಬಡಿಯುವ ಸದ್ದಿಗೆ ಓಣಿಯ ಹುಂಜಗಳು ಹೊತ್ತಿಗೆ ಮೊದಲೇ ಎದ್ದು ಕೂಗುತ್ತಿದ್ದವು.

ಅಂಥ ಚಳಿಯಲ್ಲೊಮ್ಮೆ ನಮ್ಮ ಬಿಳಿ ಎತ್ತು ಮೇವು ಬಿಟ್ಟಿತು. ಮೆಲುಕೂ ಇಲ್ಲ. ಅದರ ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಅಪ್ಪನ ಮುಖ ಅದಕ್ಕಿಂತ ಬಿಗಿದಿತ್ತು. ಇದಕ್ಕೆ ನಮಗೆ ಗೊತ್ತಿದ್ದ ಮದ್ದು ಒಂದೇ, ಕಡಲೆ ಹುಳಿ. ಮನೆಯ ಬಾಟಲಿ ಬರಿದಾಗಿತ್ತು. ಸಂಜೆ ಕಡಲೆ ಗಿಡಗಳ ಮೇಲೆ ತೊಳೆದ ಧೋತರ ಹಾಸಿದರೆ, ಇಬ್ಬನಿಯ ಜೊತೆ ಎಲೆಯ ಹುಳಿಯೂ ಬಟ್ಟೆಗಿಳಿಯುತ್ತಿತ್ತು. ಬೆಳಿಗ್ಗೆ ಹಿಂಡಿಕೊಳ್ಳುವುದು. ಅದರ ಒಂದು ಹನಿ ನಾಲಿಗೆಗೆ ತಾಗಿದರೆ ನನ್ನ ಕಿವಿಗಳು ತಾವಾಗಿಯೇ ಅಲುಗಾಡುತ್ತಿದ್ದವು.

ಆ ಸಂಜೆ ಅಪ್ಪ ಹೊಲದ ಬೇವಿನ ಮರದ ಕೆಳಗಿನ ಸಾಲಿಗೆ ಧೋತರ ಹಾಸಹೊರಟ.

"ಅಲ್ಲಿ ಬ್ಯಾಡಪಾ, ನಡು ಬಯಲಾಗ ಹಾಸು," ಎಂದಳು ಅಕ್ಕ.

"ಗಾಳಿಗಿ ಹಾರಿ ತೊರಗಲ್ ಕೋಟಿ ಗ್ವಾಡಿ ಮ್ಯಾಲ ಕುಂತ್ರ ನೀ ಹೋಗಿ ತರ್ತಿಯೇನ?"

"ಇವತ್ತ ಗಾಳಿ ಎಲ್ಲೈತಿ? ದಿನಾ ಮುಂಜಾನೆ ಇಲ್ಲಿ ಸೆಗಣಿ ಕುಳ್ಳ ತಿರವಿ ಹಾಕಾಕ ನಾನ ಬರತೇನಿ. ಬೇವಿನ ಗಿಡದ ಬುಡಕಿನವು ಒಣಗಿರತಾವು, ಬಯಲಾಗಿನವು ತೊಯ್ದಿರತಾವು."

ಅಪ್ಪ ಬೇವಿನ ಕೊಂಬೆಗಳನ್ನೊಮ್ಮೆ ನೋಡಿ, ಧೋತರ ಎತ್ತಿಕೊಂಡು ಬಯಲಿಗೆ ನಡೆದ.

ಅಕ್ಕ ಕಂಡದ್ದು ಸರಿ ಇತ್ತು. ಮೋಡವಿಲ್ಲದ ಆಕಾಶದ ಕೆಳಗೆ ಎಲೆಗಳು ತಮ್ಮ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಗಾಳಿಯ ತೇವ ಆ ತಂಪಿಗೆ ತಾಗಿ ಹನಿಯಾಗುತ್ತದೆ. ಮರದ ಕೆಳಗಿನ ಗಿಡಗಳಿಗೆ ಕೊಂಬೆಗಳೇ ಕೌದಿ ಹೊದಿಸಿ ಬೆಚ್ಚಗಿಡುತ್ತವೆ.

ಬೆಳಿಗ್ಗೆ ಧೋತರ ಹಿಂಡಿದಾಗ ಮಲಪ್ರಭೆಗೇ ನೆರೆ ಬಂತೆಂದು ನಾನು ಸಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಸಿಕ್ಕಿದ್ದು ಒಂದು ತಂಬಿಗೆ. ಅಪ್ಪ ಅದನ್ನು ಬಿದಿರಿನ ಗೊಟ್ಟದಿಂದ ಎತ್ತಿಗೆ ಕುಡಿಸಿದ. ಅಕ್ಕ ಅದರ ಮೋರೆಯ ಮುಂದೆಯೇ ಕೂತಳು. ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ದವಡೆ ಮೆಲ್ಲಗೆ ಅಲುಗಿತು.

"ಮೆಲಕ ಹಾಕಾಕತ್ತೈತಿ," ಎಂದಳು ಅಕ್ಕ.

ಅಪ್ಪ ಒದ್ದೆ ಧೋತರ ಕೊಡವುತ್ತ ಅವಳನ್ನೇ ಕೇಳಿದ: "ಇವತ್ತ ಸಂಜಿಕ ಎಲ್ಲಿ ಹಾಸ್ಲೆವ್ವಾ?"

ಮಕ್ಕಳೇ, ನಿಮ್ಮ ಫ್ರೀಜರಿನ ಗೋಡೆಗೆ ಮೆತ್ತಿಕೊಳ್ಳುವ ಬಿಳಿ ಹಿಮದ ಪುಡಿಯೂ ಗಾಳಿಯ ತೇವವೇ. ಅಲ್ಲಿಯ ಚಳಿ ಎಷ್ಟು ಜೋರೆಂದರೆ, ತೇವಕ್ಕೆ ನೀರಾಗಲೂ ಪುರುಸೊತ್ತಿಲ್ಲ, ನೇರವಾಗಿ ಹಿಮವಾಗಿಬಿಡುತ್ತದೆ. ನೀವು ಅದನ್ನು ಚಮಚದಿಂದ ಕೆರೆದು ಒಬ್ಬರ ಅಂಗಿಯೊಳಗೊಬ್ಬರು ಸುರಿದು ನಗುತ್ತೀರಿ. ನಾವು ಗಾಳಿಯ ಆ ತೇವವನ್ನೇ ಬಟ್ಟೆಯಲ್ಲಿ ಹಿಡಿದು, ಒಂದು ಎತ್ತಿನ ದವಡೆ ಅಲುಗುವುದನ್ನು ಉಸಿರು ಬಿಗಿಹಿಡಿದು ಕಾದಿದ್ದೆವು.