ತೊಳೆಯದ ತಟ್ಟೆಗಳು

ಜುಬೇದಮ್ಮ ಅಂದು ಕಾಲು ತೊಳೆದುಕೊಂಡೇ ಚಿಕ್ಕಮ್ಮನ ರೇಷ್ಮೆ ಹುಳುಮನೆಗೆ ಬಂದಿದ್ದರು. ನಾನು ಕಣ್ಣಾರೆ ಕಂಡಿದ್ದೆ. ಕೇಳಿದಾಗ ಮಾತ್ರ ನೋಡಲಿಲ್ಲ ಎಂದೆ. ಆ ಸುಳ್ಳನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅವರ ಮನೆಯಲ್ಲೇ ಶಾವಿಗೆ ಪಾಯಸ ಕುಡಿದಿದ್ದೇನೆ — ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೂ ಇದ್ದೇನೆ.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲ. ಊರ ಹೊರಗಿನ ಒಂದು ಪುಟ್ಟ ಪ್ರಯೋಗಾಲಯದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಗ್ರಾಹಕ ಎನ್ನುವ ಪ್ರೋಟೀನುಗಳಿವೆ; ಹೊರಗಿನಿಂದ ಬಂದ ಸಂದೇಶವನ್ನು ಹಿಡಿದು ಒಳಗೆ ಮುಟ್ಟಿಸುವುದು ಅವುಗಳ ಕೆಲಸ. ಅಂಥದ್ದೊಂದನ್ನು ಸಂಶೋಧಕರಿಗಾಗಿ ಮನುಷ್ಯನ ಮೈಯ ಹೊರಗೆ ತಯಾರಿಸಬೇಕಿತ್ತು. ಬ್ಯಾಕ್ಟೀರಿಯಾದಲ್ಲಿ ಮಾಡಿದರೆ ಅದು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತಿತ್ತು. ರೇಷ್ಮೆ ಹುಳುವಿನಲ್ಲಿ ಪ್ರಯತ್ನಿಸೋಣ ಎಂದರು ನಮ್ಮ ಮೇಡಂ. ಹುಳುಗಳಿಗೆ ಹಾಲುತೊಂಡೆ ರೋಗ ತರುವ ವೈರಸ್ಸಿನಲ್ಲಿ ಮನುಷ್ಯನ ಜೀನ್ ಸೇರಿಸಿ ಹುಳುವಿಗೆ ಚುಚ್ಚಿದರೆ, ಅದು ತನ್ನ ರಕ್ತದಲ್ಲೇ ಆ ಪ್ರೋಟೀನು ಮಾಡಿಕೊಡುತ್ತದೆ.

ಹುಳು ಕೊಟ್ಟವರು ಸಾದಲಿಯ ನನ್ನ ಚಿಕ್ಕಮ್ಮ ಮುನಿರತ್ನಮ್ಮ. "ನಮ್ ಹುಳ ಈಗ ಮನುಷ್ಯರ ಸಾಮಾನು ತಯಾರ್ ಮಾಡ್ತಾವೆ ಕಣೇ!" ಎಂದು ಹಾಲಿನ ಡೈರಿಯಲ್ಲಿ ಸಾರಿಕೊಂಡು ಬಂದರು. ಪಕ್ಕದ ಮನೆಯ ಜುಬೇದಮ್ಮ ಅವರ ಜೀವದ ಗೆಳತಿ. "ಹಂಗಾದ್ರೆ ನನ್ ಮೊಣಕಾಲಿಗೂ ಒಂದು ಮಾಡಿಸ್ಕೊಡಮ್ಮ ಶೈಲಾ" ಎಂದರು. ಇಬ್ಬರೂ ನಕ್ಕು ನಕ್ಕು ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೇ ಕುಳಿತುಬಿಟ್ಟರು.

ಕೊನೆಗೂ ಪ್ರೋಟೀನು ಬಂತು. ತಾನು ಹಿಡಿಯಬೇಕಾದ ಅಣುವನ್ನು ಪರೀಕ್ಷೆಯಲ್ಲಿ ಸರಿಯಾಗಿ ಹಿಡಿಯಿತು. ಮೇಡಂ ಕುಣಿದೇಬಿಟ್ಟರು. ನಾನು ಚಿಕ್ಕಮ್ಮನಿಗೆ ಸುದ್ದಿ ಹೇಳಲು ಹುಳು ತಂದಿದ್ದ ಅವರ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಓಡಿದೆ. ತಟ್ಟೆಗಳನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸದೆ ಹೊರಗೆ ಒಯ್ಯಬಾರದೆಂಬ ನಿಯಮ ನೆನಪಾದದ್ದು ಬಸ್ಸು ಶಿಡ್ಲಘಟ್ಟ ದಾಟಿದ ಮೇಲೆ. ಸಾದಲಿಯಲ್ಲಿ ಹೇಳಲೆಂದು ಬಾಯಿ ತೆರೆದೆ. ಚಿಕ್ಕಮ್ಮ ಅದರೊಳಗೆ ಒಬ್ಬಟ್ಟು ತುರುಕಿದರು. ನುಂಗಿದ ಮೇಲಾದರೂ ಹೇಳಬಹುದಿತ್ತು — ತಟ್ಟೆಗಳು ಆಗಲೇ ಒಳಗೆ ಹೋಗಿದ್ದವು, ಜುಬೇದಮ್ಮ ಬಾಗಿಲ ಬಳಿ ಕಾಲು ತೊಳೆದುಕೊಂಡು ಸೊಪ್ಪು ಹಾಕಲು ಬಂದಿದ್ದರು, ಮೂವರೂ ನಗುತ್ತಿದ್ದೆವು...

ವಾರ ಕಳೆಯುವುದರೊಳಗೆ ಹುಳುಗಳು ಊದಿಕೊಂಡವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಸುದ್ದಿ ಕೇಳಿ ನಾನೂ ಹೋದೆ; ಇಡೀ ಬೆಳೆಯನ್ನು ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಅದು ಲ್ಯಾಬಿನ ವೈರಸ್ಸೋ, ತಟ್ಟೆಗೆ ಬೇರೆಲ್ಲಿಂದಲೋ ಅಂಟಿದ ರೋಗವೋ — ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಬಲ್ಲವಳು ಅಲ್ಲಿ ನಾನೊಬ್ಬಳೇ, ನಾನೂ ಮಾಡಲಿಲ್ಲ.

"ನಿನ್ ತಂಗಿ ಮನೇಲಿ ರೋಗ ಬಂದು ಹುಳ ಹೋಗಿತ್ತಲ್ಲ, ಅಲ್ಲಿಂದ ಕಾಲೂ ತೊಳೀದೆ ನೆಟ್ಟಗೆ ಇಲ್ಲಿಗೇ ಬಂದೆ ನೀನು" ಎಂದು ಚಿಕ್ಕಮ್ಮ ಗೆಳತಿಯ ಮೇಲೆ ಹರಿಹಾಯ್ದರು.

ಜುಬೇದಮ್ಮ ನನ್ನ ಕಡೆ ತಿರುಗಿದರು. "ನೀನಿದ್ಯಲ್ಲಮ್ಮ, ಹೇಳು. ನಾನು ಕಾಲು ತೊಳ್ಕೊಂಡು ಬಂದಿದ್ದು ನೋಡಿಲ್ವಾ?"

"ಇಲ್ಲ ಜುಬೇದಮ್ಮ. ನಾನು ನೋಡ್ಲಿಲ್ಲ."

ಅವರು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಕೆಲಸ ಹೋದೀತೆಂಬ ಭಯವೆ? ಚಿಕ್ಕಮ್ಮನ ಕಣ್ಣಲ್ಲಿ ದೊಡ್ಡ ವಿಜ್ಞಾನಿಯಾಗಿಯೇ ಉಳಿಯುವ ಆಸೆಯೆ? ಎರಡೂ ಇದ್ದವು — ಎರಡನೆಯದೇ ಹೆಚ್ಚು.

ಗೆಳತಿಯರ ಮಾತು ನಿಂತಿತು. ಆ ನಡುವೆಯೇ ಜುಬೇದಮ್ಮನ ಮಗಳು ಶಬಾನಾಳ ಮದುವೆಯಾಯಿತು, ಚಿಕ್ಕಮ್ಮ ಹೋಗಲಿಲ್ಲ. ಮರುವರ್ಷ ಜುಬೇದಮ್ಮನ ಹುಳು ಗೂಡು ಕಟ್ಟಲು ಇನ್ನೆರಡು ದಿನ ಇರುವಾಗ ಸೊಪ್ಪು ಸಾಲದಾಯಿತು. ಚಿಕ್ಕಮ್ಮ ಗೋಡೆಯಾಚೆಗೆ ಒಂದು ಹೊರೆ ಎಸೆದು, "ಹುಳ ಏನ್ ತಪ್ಪು ಮಾಡಿದಾವು, ಹಾಕು" ಎಂದರು. ಅಲ್ಲಿಂದ ಮತ್ತೆ ಮಾತು, ಮತ್ತೆ ನಗು. ಅದರಲ್ಲಿ ನನ್ನದೇನೂ ಪಾಲಿಲ್ಲ.

ಈ ಸಲ ಅವರೆಕಾಯಿ ಕಾಲದಲ್ಲಿ ಸಾದಲಿಗೆ ಹೋಗಿದ್ದೆ. ಜುಬೇದಮ್ಮನ ಜಗಲಿಯಲ್ಲಿ ಇಬ್ಬರೂ ಕಾಯಿ ಸುಲಿಯುತ್ತಿದ್ದರು. ನಾನೂ ಕುಳಿತೆ, ಎಲ್ಲವನ್ನೂ ಹೇಳಿದೆ. ತಟ್ಟೆಯ ವಿಷಯ, ಕಾಲಿನ ವಿಷಯ — ಒಂದನ್ನೂ ಬಿಡದೆ.

ಜುಬೇದಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಆ ನಿನ್ ಪ್ರೋಟೀನಾದ್ರೂ ಚೆನ್ನಾಗಿ ಬಂತಾ?"

"ಬಂತು."

"ಅಷ್ಟಾದ್ರೂ ಆಯ್ತಲ್ಲ! ನನ್ ಮೊಣಕಾಲಿಗಂತೂ ಏನೂ ಬರ್ಲಿಲ್ಲ" ಎಂದು ಮೈ ಕುಲುಕಿಸಿ ನಕ್ಕರು.

ಚಿಕ್ಕಮ್ಮ ನಗಲಿಲ್ಲ. "ನಗಬೇಡ ಜುಬೇದಾ. ಶಬಾನನ ಮದ್ವೆ ದಿನ ನಾನು ಬಾಗ್ಲು ಹಾಕ್ಕೊಂಡು ಒಳಗೇ ಕೂತಿದ್ದೆ. ಎತ್ತಿ ಆಡಿಸಿದ ಮಗು ಅದು."

ಜುಬೇದಮ್ಮನ ನಗು ನಿಂತಿತು. ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದು ಇಬ್ಬರೂ ಹೇಳಲಿಲ್ಲ — ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ಜುಬೇದಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋಗಿ ಮದುವೆಯ ಆಲ್ಬಂ ತಂದರು. "ಬಾ, ಈಗ ನೋಡಣ." ಚಿಕ್ಕಮ್ಮ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದರು. "ಇವ್ರು ಯಾರು? ಅಯ್ಯೋ, ಈ ಮೀಸೆ ನೋಡೇ! ಊಟಕ್ಕೆ ಏನ್ ಮಾಡ್ಸಿದ್ರಿ?" — ಒಂದೊಂದು ಪುಟಕ್ಕೂ ಪ್ರಶ್ನೆ, ಒಂದೊಂದು ಪುಟಕ್ಕೂ ನಗು. ಪ್ರತಿ ಫೋಟೋದಲ್ಲೂ ಚಿಕ್ಕಮ್ಮ ನಿಂತಿರಬೇಕಾಗಿದ್ದ ಜಾಗ ನನಗೆ ಕಾಣುತ್ತಿತ್ತು.

ಅವರು ನನ್ನನ್ನು ಹತ್ತಿರ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಉಳಿದ ಅವರೆಕಾಯಿಯನ್ನೆಲ್ಲ ಒಬ್ಬಳೇ ಕುಳಿತು ಸುಲಿದೆ.