ನಡೆದಾಡುವ ಸೋಫಾ ಮತ್ತು ನಮ್ಮ ಮೇಡಂ

ನಾನು ಹುಟ್ಟಿದಾಗ ಅಳಲಿಲ್ಲ. ಕಣ್ಣು ಬಿಟ್ಟವನೇ ಸೂಲಗಿತ್ತಿಯ ಕಡೆಗೆ ತಿರುಗಿ, "ಮನೆಯಲ್ಲಿ ಒಟ್ಟು ಎಷ್ಟು ಜನ? ಅದರಲ್ಲಿ ದುಡಿಯುವವರು ಎಷ್ಟು?" ಎಂದು ಕೇಳಿದೆ. ಇಂಥ ಹುಟ್ಟು ಸಮಾಜವಿಜ್ಞಾನಿಗೂ ಒಬ್ಬ ಗುರು ಬೇಕಾಗಿ ಬಂದದ್ದು, ಆ ಗುರುಗಳು ನನ್ನನ್ನು ಇಷ್ಟು ವರ್ಷ ಗೋಳು ಹೊಯ್ದುಕೊಂಡದ್ದು, ಅವರು ನಿವೃತ್ತರಾಗುವ ಹೊತ್ತಿಗೆ ಅವರನ್ನು ಹೊಗಳಿ ಬರೆಯುವ ಭಾರವೂ ನನ್ನ ತಲೆಗೇ ಕಟ್ಟಿದ್ದು, ಎಲ್ಲವೂ ನನ್ನ ಹಣೆಬರಹವಲ್ಲದೆ ಮತ್ತೇನು?

ವಲಸೆ ಬಂದ ಸಮುದಾಯಗಳ ಅಧ್ಯಯನದಲ್ಲಿ ನಮ್ಮ ಮೇಡಂ ಅವರ ಸ್ಥಾನ ಎಂಥದೆಂದು ತಿಳಿಯಬೇಕಾದರೆ ಅವರಿಗಿಂತ ಮುಂಚಿನ ವಿದ್ವಾಂಸರು ಹೇಗೆ ಕೆಲಸ ಮಾಡುತ್ತಿದ್ದರೆಂದು ತಿಳಿಯಬೇಕು. ಅವರು ಫ್ಯಾನಿನ ಕೆಳಗೆ ಕೂತು, ಈ ಜನಾಂಗದ ವರಮಾನ ಇಷ್ಟು, ಆ ಜನಾಂಗದ ವರಮಾನ ಅಷ್ಟು, ಆದ್ದರಿಂದ ಇವರು ಮೇಲು, ಅವರು ಕೀಳು ಎಂದು ತೀರ್ಪು ಕೊಟ್ಟು, ಸಂಜೆ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಎಂಥ ಸುಖದ ಶಾಸ್ತ್ರ! ಅದನ್ನು ಹಾಳು ಮಾಡಿದವರು ನಮ್ಮ ಮೇಡಂ. ಎರಡು ಮನೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಮುನ್ನ, ಆ ಕೋಲನ್ನು ಕಂಡಾಗ ಎರಡೂ ಮನೆಯವರು ಏನು ಮಾಡುತ್ತಾರೆಂದು ನೋಡಬೇಕು ಎಂದು ಹೇಳಿ, ನಮ್ಮನ್ನೆಲ್ಲ ಬಿಸಿಲಿಗೆ ದಬ್ಬಿದರು. ಅಂದಿನಿಂದ ಇಂದಿನವರೆಗೆ ನಾನು ಸವೆಸಿದ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬಂದು ಮೂರನೆಯದಕ್ಕೆ ಹೊರಡಬಹುದು.

ಮೇಡಂ ವಿಭಾಗಕ್ಕೆ ಸೇರಿದಾಗ ಅವರಿಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ಮೇಲೆ ಯಾರು ಹತ್ತಿದರೂ ಸುಣ್ಣ ಉದುರುತ್ತಿತ್ತು. ಬೇರೆ ಕೋಣೆ ಕೇಳಿ ಎಂದು ನಾನು ಗೋಗರೆದರೆ, "ಇಲ್ಲಿ ಕೂತ್ರೆ ಯಾರು ಕ್ಲಾಸಿಗೆ ಲೇಟಾಗಿ ಓಡ್ತಿದಾರೆ ಅಂತ ಕೇಳ್ಸುತ್ತೆ ಕಣೋ" ಎನ್ನುವರು. ನಾನು ಬರೆದು ಕೊಟ್ಟ ಪ್ರತಿ ಅಧ್ಯಾಯವನ್ನೂ ಅವರು ತಿರುಗಿಸಿ ಕೊಟ್ಟರು. 'ಬಹುಪಾಲು ಜನ' ಎಂದು ಬರೆದಲ್ಲೆಲ್ಲ ಅಂಚಿನಲ್ಲಿ, 'ಯಾರು? ಮಾತಾಡಿಸಿದ್ಯಾ?' ಎಂದಿರುತ್ತಿತ್ತು. ಇಷ್ಟು ಕಾಡಿದವರೇ, ನನಗೆ ಓದಲು ಸ್ಥಳವಿಲ್ಲವೆಂದು ಗೊತ್ತಾದಾಗ ಏನೂ ಕೇಳದೆ ತಮ್ಮ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ನಮ್ಮ ಮನೆ ಚಿಕ್ಕದೆಂದಲ್ಲ. ಅದು ಎಷ್ಟು ದೊಡ್ಡದೆಂದರೆ, ಓದುವ ಕೋಣೆಯನ್ನು ಹುಡುಕುವಷ್ಟರಲ್ಲೇ ಕತ್ತಲಾಗುತ್ತಿತ್ತು.

ಇನ್ನು ಅವರಿಗೆ ಹೆಸರು ತಂದ, ನನಗೆ ತಲೆನೋವು ತಂದ ಅಧ್ಯಯನಕ್ಕೆ ಬರುತ್ತೇನೆ. ಈ ಊರಿನ ಹಳೆಯ ಗೋದಾಮಿನ ಹಿಂದೆ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ, ಎರಡು ಬೀದಿಗಳಿದ್ದವು. ಮೇಲಿನ ಬೀದಿಯವರು ತಮ್ಮ ಸೀಮೆಯ ಗಣಿ ಮುಚ್ಚಿದ ಮೇಲೆ ಗಡಿ ದಾಟಿ ಬಂದವರು. ಹೊಲಿಗೆ ಅವರ ಕಸುಬು. ಕೆಳಗಿನ ಬೀದಿಯವರು ಯುದ್ಧಕ್ಕೆ ಹೆದರಿ ಹೊಳೆ ದಾಟಿ ಬಂದವರು. ತಗಡು ಬಡಿದು ಟ್ರಂಕು, ಬಕೆಟ್ಟು ಮಾಡುವವರು. ಬಂದ ಕಾಲ ಹೆಚ್ಚುಕಡಿಮೆ ಒಂದೇ, ಕುಡಿಯುವ ನಲ್ಲಿ ಒಂದೇ, ಮೂಗು ಮುಚ್ಚಿಸುವ ಚರಂಡಿಯೂ ಒಂದೇ. ಆದರೆ ಬದುಕು ಬೇರೆ ಬೇರೆ. ಹೊಲಿಗೆಯವರಲ್ಲಿ ಮನೆಗೊಂದು ಮೆಷಿನ್ನು, ಮನೆಗೊಂದು ಪಾಡು. ಗುತ್ತಿಗೆದಾರ ಬಟ್ಟೆ ತಂದರೆ ಕೆಲಸ, ತಾರದಿದ್ದರೆ ಕೈ ಕಟ್ಟಿ ಕೂರುವುದು. ಆದರೆ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಊರಿನ ಭಾಷೆ ಅವರಿಗೆ ಒಲಿದಿತ್ತು. ಹೆಣ್ಣುಮಕ್ಕಳು ಓದಿ ನರ್ಸು, ಗುಮಾಸ್ತೆ ಆಗುತ್ತಿದ್ದರು. ತಗಡಿನವರಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿ ಒಂದೇ ಕಾರ್ಖಾನೆ, ಲಾಭನಷ್ಟ ಎರಡೂ ಹಂಚಿಕೆ. ಒಬ್ಬ ಹಾಸಿಗೆ ಹಿಡಿದರೆ ಉಳಿದವರು ಅವನ ಒಲೆ ಆರಲು ಬಿಡುತ್ತಿರಲಿಲ್ಲ. ಆದರೆ ಮಕ್ಕಳು ಶಾಲೆ ಮುಗಿಸುವ ಮೊದಲೇ ಸುತ್ತಿಗೆ ಹಿಡಿಯುತ್ತಿದ್ದರು, ಹೆಂಗಸರು ಬೀದಿಯ ತಿರುವು ದಾಟುತ್ತಿರಲಿಲ್ಲ, ಗಂಡಸರಿಗೆಲ್ಲ ನಡುವಯಸ್ಸಿಗೇ ಕಿವಿ ಮಂದ.

ಹೇಳಿ, ಇವರಲ್ಲಿ ಬಡವರು ಯಾರು? ನಗರಾಡಳಿತದ ಆಯುಕ್ತರಿಗೆ ಬೇಕಾಗಿದ್ದುದು ಅದೊಂದೇ. ರಸ್ತೆ ಅಗಲ ಮಾಡಲು ಎರಡೂ ಬೀದಿಗಳನ್ನು ಒಡೆಯುವುದೆಂದು ತೀರ್ಮಾನವಾಗಿತ್ತು. ಹೊಸದಾಗಿ ಕಟ್ಟಿದ ವಸತಿ ಒಂದು ಬೀದಿಗೆ ಮಾತ್ರ ಸಾಕಾಗುವಷ್ಟಿತ್ತು. ಯಾರು ಹೆಚ್ಚು ಬಡವರೋ ಅವರಿಗೆ ಮನೆ, ಉಳಿದವರು ತಮ್ಮ ದಾರಿ ತಾವು ನೋಡಿಕೊಳ್ಳಬೇಕು. ಹೋಲಿಸಿ ಹೇಳುವ ಕೆಲಸ ನಮ್ಮ ಮೇಡಂ ಅವರ ಕೊರಳಿಗೆ ಬಿತ್ತು.

"ಒಂದೇ ಮಾತಲ್ಲಿ ಹೇಳ್ಬಿಡಿ ಮೇಡಂ. ಮೇಲಿನವರೋ, ಕೆಳಗಿನವರೋ?"

"ನೀವು ಕೇಳ್ತಿರೋ ಪ್ರಶ್ನೆ ತಪ್ಪು."

"ಅದು ನಾಲ್ಕು ಮಾತಾಯ್ತಲ್ಲ ಮೇಡಂ."

ನಾನಾಗಿದ್ದರೆ ಆ ಆಯುಕ್ತರನ್ನು ಅವರ ಮೇಜಿನ ಸಮೇತ ಎತ್ತಿ ಕಿಟಕಿಯಿಂದ ಹೊರಗಿಡುತ್ತಿದ್ದೆ. ಮೇಡಂ ನಮಸ್ಕರಿಸಿ ಎದ್ದು ಬಂದರು, ಮರುದಿನ ಸಮೀಕ್ಷೆ ಆರಂಭಿಸಿದರು. ಎಲ್ಲವನ್ನೂ ಶೇಕಡಾವಾರು ಲೆಕ್ಕದಲ್ಲೇ ಹೇಳುತ್ತಿದ್ದುದರಿಂದ 'ಶೇಕಡಾ' ಎಂದೇ ನಾವು ಕರೆಯುತ್ತಿದ್ದ ನನ್ನ ಸಹಪಾಠಿಯನ್ನು ಮೇಲಿನ ಬೀದಿಗೂ, ನನ್ನನ್ನು ಕೆಳಗಿನ ಬೀದಿಗೂ ಕಳಿಸಿದರು. ನಾನೇ ಮೇಲಿನ ಬೀದಿಗೆ ಹೋಗುತ್ತೇನೆಂದರೂ ಒಪ್ಪಲಿಲ್ಲ. ಕಠಿಣವಾದದ್ದು ಸಮರ್ಥನಿಗೇ ಸಲ್ಲಬೇಕೆಂದು ಅವರು ಬಗೆದಿರಬೇಕು.

ಕಠಿಣವೆಂದರೆ ಎಂಥ ಕಠಿಣ! ತಗಡಿನವರ ಹಿರಿಯನಿಗೆ ಟ್ರಂಕಿನ ತಾತನೆಂದು ಹೆಸರು. ಅವನ ಮನೆಯಲ್ಲಿ ಕಣ್ಣಿಗೆ ಕಾಣುವಂತೆ ಇದ್ದದ್ದು ಒಂದು ಮಂಚ, ಮಂಚದಿಂದ ನೆಲದವರೆಗೆ ಇಳಿಬಿಟ್ಟ ಒಂದು ಹೊದಿಕೆ.

"ತಾತ, ಮನೇಲಿ ರೇಡಿಯೋ ಇದೆಯಾ?"

"ರೇಡಿಯೋನಾ? ಅಂದ್ರೇನಪ್ಪ ಅದು? ನಾವು ಇಲ್ಲದೋರು."

ಮಂಚದ ಕೆಳಗಿನಿಂದ ಹವಾಮಾನ ವಾರ್ತೆ ಕೇಳಿಸುತ್ತಿತ್ತು.

"ಮತ್ತೆ ಅಲ್ಲಿ ಮಾತಾಡ್ತಿರೋದು ಯಾರು?"

"ನಮ್ಮತ್ತೆ. ಮೈಗೆ ಹುಷಾರಿಲ್ಲ, ಮಲಗವ್ರೆ."

"ನಿಮ್ಮತ್ತೆ ಗಂಡಸಿನ ದನೀಲಿ 'ನಾಳೆ ಮೋಡ ಕವಿದ ವಾತಾವರಣ' ಅಂತಿದಾರಲ್ಲ ತಾತ!"

"ವಯಸ್ಸಾಯ್ತಲ್ಲಪ್ಪ, ಏನೇನೋ ಬಡಬಡಿಸ್ತಾರೆ."

ಹೀಗೆ ಇಡೀ ಬೀದಿಯಲ್ಲಿ ಒಂದು ಲೋಟವೂ ಇಲ್ಲವೆಂದು ಬರೆದುಕೊಂಡು, ತಲೆ ಚಚ್ಚಿಕೊಳ್ಳುತ್ತ ಬಂದೆ. ಶೇಕಡಾ ಮಾತ್ರ ಮುಖ ಅರಳಿಸಿಕೊಂಡು ಬಂದ. "ಮೇಡಂ, ಹೊಲಿಗೆಯವರು ಕುಬೇರರು! ಶೇಕಡಾ ನೂರು ಮನೇಲಿ ಸೋಫಾ! ನೀಲಿ ಬಣ್ಣದ್ದು!" ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿತ್ತು: ತಗಡಿನವರಿಗೆ ಮನೆ, ಹೊಲಿಗೆಯವರಿಗೆ ಬೀದಿ. ಆಯುಕ್ತರ ಕಚೇರಿಯಿಂದ ವರದಿ ಎಲ್ಲಿ, ವರದಿ ಎಲ್ಲಿ ಎಂದು ದಿನಕ್ಕೊಬ್ಬ ಜವಾನ ಬರುತ್ತಿದ್ದ.

ಆಗಲೇ ನನ್ನ ಪ್ರತಿಭೆ ಬೆಳಗಿತು. ಮೇಲಿನ ಬೀದಿಯ ತುದಿಯಲ್ಲಿ ನಾನು ಹದ್ದಿನ ಹಾಗೆ ನಿಂತು, ಅಷ್ಟು ದೂರದಿಂದಲೇ, ಒಂದು ಮನೆಯ ಸೋಫಾದ ಬಲಗೈ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತನ್ನು ಕಂಡೆ. ಮತ್ತೊಂದು ಮನೆಯಲ್ಲಿಯೂ ಅದೇ ಬಲಗೈ, ಅದೇ ಗುರುತು. ಬೀದಿಗೆಲ್ಲ ಇದ್ದದ್ದು ಒಂದೇ ಸೋಫಾ! ಬಂದವರ ಎದುರಿಗೆ ಬರಿಮನೆ ತೋರಿಸಬಾರದೆಂಬುದು ಹೊಲಿಗೆಯವರ ಕಟ್ಟಳೆ. ಅತಿಥಿ ಮುಂಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹಿಂಬಾಗಿಲಿನಿಂದ ಸೋಫಾ ಒಳಗೆ ಬಂದಿರುತ್ತದೆ. ಈ ಗುಟ್ಟಿನ ಬಗ್ಗೆ ಹೊರಗಿನವರ ಮುಂದೆ ಬಾಯಿ ಬಿಟ್ಟವನನ್ನು ಬೀದಿಯವರು ಮಾತಾಡಿಸುವುದಿಲ್ಲ.

ಸಂಗತಿ ತಿಳಿದ ಮೇಡಂ ಮರುದಿನವೇ ಶೇಕಡಾನನ್ನು ಮೊದಲ ಮನೆಯ ಸೋಫಾದ ಮೇಲೆ ಕೂರಿಸಿ, "ನಾನು ಬರೋವರೆಗೂ ಏಳಬೇಡ, ಬೆಂಕಿ ಬಿದ್ರೂ ಏಳಬೇಡ" ಎಂದು ಹೇಳಿ, ತಾವು ಪಕ್ಕದ ಮನೆಗೆ ಹೋದರು. ಆ ಮನೆಯವರು ವಾಡಿಕೆಯಂತೆ "ಬನ್ನಿ, ಕೂತ್ಕೊಳ್ಳಿ" ಎಂದರು. ಕೂರಲು ಏನೂ ಇರಲಿಲ್ಲ. ಮನೆಯಾಕೆ ಹಿಂಬಾಗಿಲನ್ನು ನೋಡಿದಳು, ಮತ್ತೆ ಮತ್ತೆ ನೋಡಿದಳು. ಮೇಡಂ ನೆಲದ ಮೇಲೆ ಕೂತು, "ನಂಗೆ ಸೊಂಟನೋವು, ಮೆತ್ತಗಿರೋದ್ರ ಮೇಲೆ ಕೂರಬಾರ್ದು ಅಂದಿದಾರೆ ಡಾಕ್ಟ್ರು" ಎಂದು ಒಂದು ಸುಳ್ಳು ಹೇಳಿದರು. ಅವರು ಹೇಳಿದ್ದಾಗಿ ನನಗೆ ಗೊತ್ತಿರುವ ಒಂದೇ ಸುಳ್ಳು ಅದು.

ಅವರು ಬರೆದ ವರದಿಯ ಸಾರವನ್ನು ಈಗ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಪಾಠ ಮಾಡುತ್ತಾರೆ, ಚಂದ್ರಲೋಕದಲ್ಲಿಯೂ ಮಾಡುತ್ತಿರಬಹುದು. ತಗಡಿನವರ ಹಿಂದಿನ ಊರಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಸಿಪಾಯಿಗಳು ಹೊತ್ತೊಯ್ದರು, ಆದ್ದರಿಂದ ಅವರು ಇದ್ದದ್ದನ್ನು ಮುಚ್ಚುತ್ತಾರೆ. ಹೊಲಿಗೆಯವರ ಹಿಂದಿನ ಊರಲ್ಲಿ ಬರಿಮನೆಯವನಿಗೆ ಯಾರೂ ಕೆಲಸ ಕೊಡಲಿಲ್ಲ, ಹೆಣ್ಣು ಕೊಡಲಿಲ್ಲ, ಆದ್ದರಿಂದ ಅವರು ಇಲ್ಲದ್ದನ್ನು ತೋರಿಸುತ್ತಾರೆ. ಮನೆಯ ಸಾಮಾನು ಎಣಿಸಿ ಇವರನ್ನು ಹೋಲಿಸಿದರೆ ಸಿಗುವುದು ಅವರವರ ಹೆದರಿಕೆಯ ಲೆಕ್ಕವೇ ಹೊರತು ಸ್ಥಿತಿಗತಿಯ ಲೆಕ್ಕವಲ್ಲ. ಮುಂದಿನ ತಿಂಗಳು ಕೆಲಸವಿದೆಯೇ, ಕಾಯಿಲೆ ಬಿದ್ದರೆ ನೋಡುವವರು ಯಾರು, ಮಲಗುವ ಕೋಣೆಗೆ ಕಿಟಕಿ ಇದೆಯೇ ಎಂದು ಮನೆಮನೆಯಲ್ಲೂ ಮೇಡಂ ಮತ್ತೆ ಕೇಳಿಸಿದರು. ಅಂದರೆ ನನ್ನಿಂದ ಕೇಳಿಸಿದರು! ಕೊನೆಗೆ ಆಯುಕ್ತರು ಬೇಸತ್ತು, ಎರಡೂ ಬೀದಿಗಳಲ್ಲಿ ತೀರಾ ಕಷ್ಟದಲ್ಲಿದ್ದವರಿಗೆ ಹೊಸ ಮನೆಗಳನ್ನೂ, ಉಳಿದವರಿಗೆ ಗೋದಾಮನ್ನು ಪಾಲು ಮಾಡಿ ಕೋಣೆಗಳನ್ನೂ ಕೊಟ್ಟರು. ಯಾರೂ ಬೀದಿಪಾಲಾಗಲಿಲ್ಲ.

ಹೀಗೆ ಮಾಡಿದವರಿಗೆ ಹಾರ ಹಾಕಬೇಕಲ್ಲವೇ? ಎರಡೂ ಬೀದಿಯವರು ಶಾಪ ಹಾಕಿದರು. ಪೂರ್ತಿ ಸಿಗಬೇಕಾದ ಮನೆ ಅರ್ಧವಾಯಿತೆಂದು ಟ್ರಂಕಿನ ತಾತ ರೇಗಿದ. ಮೇಲಿನ ಬೀದಿಯ ಒಬ್ಬ ಹೆಂಗಸಂತೂ ನಲ್ಲಿಯ ಹತ್ತಿರ, ಎಲ್ಲರೆದುರಿಗೆ, ಬಿಂದಿಗೆ ಕೆಳಗಿಟ್ಟು ಮೇಡಂ ಅವರನ್ನು ತಡೆದು ನಿಲ್ಲಿಸಿದಳು.

"ಬಡವರ ಹಿಂಬಾಗ್ಲಲ್ಲಿ ಇಣುಕೋಕೇ ಅಷ್ಟೊಂದು ಓದಿದ್ದಾ ನೀವು? ನಮ್ಮ ಮಾನ ಕಾಗದದ ಮೇಲೆ ಹಾಕಿ ಊರಿಗೆಲ್ಲ ಹಂಚಿದ್ರಲ್ಲ!"

"ತಪ್ಪಾಯ್ತಮ್ಮ" ಎಂದರು ಮೇಡಂ. ಅಷ್ಟೇ.

ನಾನು ತಗಡಿನ ಅಂಗಡಿಯ ಮರೆಯಲ್ಲಿದ್ದೆ. ಮುಂದೆ ಬಂದು ಇಡೀ ಬೀದಿಯನ್ನು ಒಬ್ಬನೇ ಎದುರಿಸುತ್ತಿದ್ದೆ, ಆದರೆ ಚಪ್ಪಲಿ ಕಿತ್ತುಹೋಗಿತ್ತು. ಆಮೇಲೆ ಮೇಡಂ ಮೇಲೆಯೇ ಹರಿಹಾಯ್ದೆ: "ಮನೆ ಉಳಿಸಿದ್ದೂ ನೀವೇ, ತಪ್ಪಾಯ್ತು ಅನ್ನೋದೂ ನೀವೇನಾ?" ಅವರು, "ಮನೆ ಬೇರೆ ಕಣೋ, ಮರ್ಯಾದೆ ಬೇರೆ" ಎಂದು ಹೇಳಿ ಬಸ್ಸು ಹತ್ತಿದರು. ಆಮೇಲಿನ ವರ್ಷಗಳಲ್ಲಿ ಅವರು ನನಗೆ ಪದವಿ ಕೊಡಿಸಿದರು, ವಿಭಾಗದಲ್ಲಿ ಕೆಲಸಕ್ಕೆ ಹಾಕಿಸಿದರು, ನನ್ನ ಮದುವೆಯಲ್ಲಿ ಮುಂದಿನ ಸಾಲು ಬಿಟ್ಟು ಹಿಂದೆ ಎಲ್ಲೋ ಕೂತು ಹರಸಿ ಹೋದರು. ಅವರಿಗೆ ಮುಂದಿನ ಸಾಲೆಂದರೆ ಅಲರ್ಜಿ ಎಂದು ನಾನು ಎಲ್ಲರಿಗೂ ಹೇಳಿದೆ.

ಇಲ್ಲಿಗೆ ಹಾರೈಕೆಯ ಎರಡು ಸಾಲು ಸೇರಿಸಿ ಲೇಖನ ಮುಗಿಸಿದ್ದೆ. ಅಭಿನಂದನ ಗ್ರಂಥದ ಸಂಪಾದಕರಿಗೆ ಕಳಿಸುವ ಮುನ್ನ, ಹೊಗಳಿಸಿಕೊಳ್ಳುವ ಆಸೆಯಿಂದ, ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಯಾರೆಂದು ಇಷ್ಟು ಹೊತ್ತು ಹೇಳಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಕೆಳಗಿಟ್ಟವಳು ನನ್ನ ಅಮ್ಮ. ನಾನು ಹುಟ್ಟಿ ಬೆಳೆದದ್ದು ಮೇಲಿನ ಬೀದಿಯಲ್ಲೇ. ವಿಭಾಗದಲ್ಲಿ ಇದು ಮೇಡಂ ಒಬ್ಬರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ.

ಅಮ್ಮ ಲಂಗದ ಅಂಚು ಮಡಿಸಿ ಹೊಲಿಯುತ್ತ ಕೇಳುತ್ತಿದ್ದಳು. ಸೂಜಿ ನಿಂತಿತು.

"ಇನ್ನೊಂದು ಸಲ ಓದು. ಆ ಸುಟ್ಟ ಗುರುತಿನದ್ದು."

ಓದಿದೆ.

"ಆ ಹುಡ್ಗ ಲೆಕ್ಕಕ್ಕೆ ಬರೋ ಮುಂಚೆನೇ ಅದರ ಮೇಲೆ ನಾನು ಹೂವಿನ ಬಟ್ಟೆ ಹಾಕಿ ಹೊಲ್ದಿದ್ದೆ. ಬೀದಿ ತುದೀಲಿ ನಿಂತೋನಿಗೆ ಅದು ಹೆಂಗೋ ಕಾಣ್ತು?"

"ನನ್ನ ಕಣ್ಣು ಸೂಕ್ಷ್ಮ ಕಣಮ್ಮ..."

"ನಿನ್ನ ಕಣ್ಣಿನ ಕಥೆ ನಂಗೆ ಹೇಳ್ಬೇಡ, ಅದನ್ನ ಹೆತ್ತೋಳು ನಾನು. ಆಯಮ್ಮನಿಗೆ ಹೇಳಿದ್ದು ನೀನಾ?"

ಹುಟ್ಟಿದ ಗಳಿಗೆಯಲ್ಲೇ ಪ್ರಶ್ನೆ ಕೇಳಿದವನು, ಹೌದೆಂದು ತಲೆಯಾಡಿಸಿದೆ.

"ಅಯ್ಯೋ ಪಾಪಿ! ಆಯಮ್ಮ ಎದುರಿಗೆ ಸಿಕ್ಕಾಗೆಲ್ಲ ನಾನು ಮುಖ ತಿರುಗಿಸ್ದೆ. ನಿನ್ನ ಮದ್ವೇಲಿ ಅವ್ರಿಗೆ ನೀರು ಕೊಡಿ ಅನ್ನೋಕೂ ಬಾಯಿ ಬರ್ಲಿಲ್ಲ ನಂಗೆ. ಒಂದಿನ, ಒಂದೇ ಒಂದಿನ, 'ನಿನ್ನ ಮಗನೇ ಹೇಳಿದ್ದು' ಅಂದ್ರಾ ಅವ್ರು?"

"ಇಲ್ಲಮ್ಮ."

"ಹರಿದು ಹಾಕು ಅದನ್ನ. ನಿಜ ಬರಿ. ಇಲ್ದಿದ್ರೆ ಅವ್ರ ಬೀಳ್ಕೊಡುಗೆ ಸಭೇಲಿ ಮೈಕು ಕಿತ್ಕೊಂಡು ನಾನೇ ಹೇಳ್ತೀನಿ."

ಹರಿದು ಹಾಕಲಿಲ್ಲ, ಸಂಪಾದಕರ ಗಡುವು ಮುಗಿದಿದೆ, ಮತ್ತೆ ಬರೆಯುವಷ್ಟು ಪುರುಸೊತ್ತಿಲ್ಲ. ಅದರ ಕೆಳಗೇ ನಿಜವನ್ನು ಸೇರಿಸುತ್ತಿದ್ದೇನೆ. ನಾನು ಹದ್ದಿನ ಹಾಗೆ ಎಲ್ಲಿಯೂ ನಿಲ್ಲಲಿಲ್ಲ. ಶೇಕಡಾನ ಲೆಕ್ಕ ಕೇಳಿದ ದಿನ, ನಮ್ಮವರೆಲ್ಲ ಬೀದಿಗೆ ಬೀಳುತ್ತಾರೆಂದು ಹೆದರಿ, ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ಅಮ್ಮನಿಗೆ ಗೊತ್ತಾದರೆ ಮನೆಗೆ ಸೇರಿಸುವುದಿಲ್ಲವೆಂದು ಅಳುತ್ತಲೇ ಸೋಫಾದ ವಿಷಯ ಹೇಳಿದೆ. ಮೇಡಂ, "ನೀನು ಹೇಳಿಲ್ಲ, ನಾನು ನೋಡಿದ್ದು. ಮುಖ ತೊಳ್ಕೊಂಡು ಮನೆಗೆ ಹೋಗು" ಎಂದರು. ಆ ಮಾತನ್ನು ಅವರು ಇವತ್ತಿನವರೆಗೂ ನಡೆಸಿದ್ದಾರೆ. ಮುಂದಿನ ಸಾಲಿನ ಅಲರ್ಜಿಯೂ ನನ್ನ ಸೃಷ್ಟಿ. ಅಲ್ಲಿ ನಮ್ಮ ಬೀದಿಯವರು ಕೂತಿದ್ದರು.

ಮೇಡಂ ಅವರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ, ಅರ್ಧಕ್ಕೆ ನಿಂತಿರುವ ಅವರ ಬಂದರಿನ ಕೂಲಿಗಳ ಅಧ್ಯಯನ ಪೂರ್ಣವಾಗಲಿ. ಅದಕ್ಕೆ ಬೇಕಾದ ತಿರುಗಾಟವನ್ನು ಗೊಣಗುತ್ತಲೇ ಮಾಡಿಕೊಡುತ್ತೇನೆ. ಸಮಾರಂಭಕ್ಕೆ ಅಮ್ಮನೂ ಬರುತ್ತಾಳಂತೆ, ನನ್ನ ಮಗ್ಗುಲಲ್ಲಿ ಕೂರುವುದಿಲ್ಲವಂತೆ. ಮೇಲಿನ ಬೀದಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಇನ್ನು ಮೇಲೆ ಮಾತಾಡಿಸದೆ ಇರಬೇಕಾದವನು ನಾನು. ಹೇಳಿದವನು ನಾನು, ಬೈಸಿಕೊಂಡವರು ಮೇಡಂ.